ಅಣುಬಾಂಬ್ ಇದ್ದ ಮೇಲೆ ಟ್ಯಾಂಕ್ ಏತಕ್ಕೆ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಮರಾಠಾ ಲೈಟ್ ಇನ್‌ಫ್ಯಾಂಟ್ರಿಯ ಕೇಂದ್ರ ಬೆಳಗಾವಿಯಲ್ಲಿ, ಸೈನಿಕ ಶಾಲೆ ವಿಜಯಪುರದಲ್ಲಿ. ಫೌಜಿಗೆ ಹೋದವರು ಈ ಭಾಗದ ಊರೂರಲ್ಲೂ ಸಿಗುತ್ತಾರೆ. ಹಾಗಾಗಿ ಇಲ್ಲಿಂದ ಬರುವ ಯುದ್ಧದ ಪ್ರಶ್ನೆಗಳು ಸುಮ್ಮನೆ ಕುತೂಹಲದವಲ್ಲ, ಒಳಗಿನ ಸಂಗತಿ ಕೇಳುತ್ತವೆ. ಈ ಸಲ ಅಂಥವನ್ನೇ ಆರಿಸಿದ್ದೇವೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಪತ್ರಗಳಲ್ಲಿ ಹಲವರು ‘ಡಿಟರೆನ್ಸ್’ ಎಂದು ಬರೆದಿದ್ದಾರೆ, ಅಂದರೆ ಎದುರಾಳಿ ಕೈ ಎತ್ತದಂತೆ ಮೊದಲೇ ತಡೆದಿಡುವುದು. ನಮ್ಮ ಕಡೆ ಅದಕ್ಕೆ ಒಗ್ಗುವ ಮಾತು ‘ಹದ್ದುಬಸ್ತು’. ಸರ್ವೇದವರು ಹೊಲದ ಗಡಿ ಗುರುತಿಸುವುದೂ ಹದ್ದುಬಸ್ತೇ, ಒಬ್ಬನನ್ನು ಅಂಕೆಯಲ್ಲಿ ಇಡುವುದೂ ಹದ್ದುಬಸ್ತೇ. ಕೆಳಗೆ ಅದನ್ನೇ ಬಳಸಿದ್ದೇವೆ.

ಪ್ರಶ್ನೆ: ಎರಡೂ ದೇಶದ ಹತ್ರ ಅಣುಬಾಂಬ್ ಅದಾವ. ಹಿಂಗಿದ್ದ ಮ್ಯಾಲೆ ದೊಡ್ಡ ಯುದ್ಧ ಆಗೂದಿಲ್ಲ ಅಂತಾರ. ಮತ್ತ ಟ್ಯಾಂಕು, ತೋಪಿಗೆ ಇಷ್ಟು ರೊಕ್ಕ ಯಾಕ್ರಿ?
– ಎನ್‌ಡಿಎ ಪರೀಕ್ಷೆಗೆ ಓದುತ್ತಿರುವ ವಿದ್ಯಾರ್ಥಿ, ವಿಜಯಪುರ

ಉತ್ತರ: ಬದುವಿನ ಜಗಳಕ್ಕೆ ಯಾರೂ ಊರಿಗೆ ಬೆಂಕಿ ಇಡುವುದಿಲ್ಲ. ಅದು ಬದು ಒತ್ತುವವನಿಗೂ ಗೊತ್ತು. ತೊಡಕು ಇರುವುದು ಅಲ್ಲೇ. 1998ರ ಮೇ 11 ಮತ್ತು 13ರಂದು ಪೋಖ್ರಾನಿನಲ್ಲಿ ಭಾರತ, ಅದೇ ತಿಂಗಳು 28 ಮತ್ತು 30ರಂದು ಪಾಕಿಸ್ತಾನ ಪರೀಕ್ಷೆ ಮಾಡಿದವು. ಒಂದು ವರ್ಷ ತುಂಬುವುದರೊಳಗೆ ಕಾರ್ಗಿಲ್ ಆಯಿತು. ಬಾಂಬ್ ಎರಡೂ ಕಡೆ ಇದ್ದದ್ದರಿಂದ ಜಗಳ ನಿಲ್ಲಲಿಲ್ಲ, ಜಗಳಕ್ಕೆ ಒಂದು ಬೇಲಿ ಬಿತ್ತು ಅಷ್ಟೇ. ಅಮೆರಿಕದ ರಾಜ್ಯಶಾಸ್ತ್ರಜ್ಞ ಗ್ಲೆನ್ ಸ್ನೈಡರ್ 1965ರಲ್ಲೇ ಈ ವಿರೋಧಾಭಾಸ ಗುರುತಿಸಿದ್ದರು. ಮೇಲಿನ, ಅಂದರೆ ಅಣುಬಾಂಬಿನ ಮಟ್ಟದಲ್ಲಿ ಎಷ್ಟು ಭದ್ರವೋ ಕೆಳಗಿನ ಮಟ್ಟದಲ್ಲಿ ಅಷ್ಟು ಕಿತಾಪತಿಗೆ ಧೈರ್ಯ ಬರುತ್ತದೆ.

ಆ ಕೆಳಗಿನ ಮಟ್ಟ ಕಾಯುವುದು ಸಾಂಪ್ರದಾಯಿಕ ಸೇನೆ, ಅಂದರೆ ಅಣುಬಾಂಬ್ ಬಳಸದ ಮಾಮೂಲಿ ಸೇನೆ. ಅದು ಎರಡು ಬಗೆಯಲ್ಲಿ ಕಾಯುತ್ತದೆ. ‘ನೀನು ಒಳಗೆ ಬರಲಾರೆ’ ಎಂದು ತೋರಿಸುವುದು ಒಂದು. ಬೇಲಿ, ಬಂಕರ್, ನೆಲಬಾಂಬ್, ಗಸ್ತು ಇವೆಲ್ಲ ಅದರವು. ‘ಬಂದರೆ ದಂಡ ತೆರುತ್ತೀ’ ಎಂದು ತೋರಿಸುವುದು ಇನ್ನೊಂದು. ಟ್ಯಾಂಕ್ ದಳ, ಫೈಟರ್ ವಿಮಾನ, ಕ್ಷಿಪಣಿ ಅದಕ್ಕೆ. ಕಾರ್ಗಿಲ್‌ನಲ್ಲಿ ತಪ್ಪಿದ್ದು ಮೊದಲನೆಯದು: ಚಳಿಗಾಲದಲ್ಲಿ ಖಾಲಿ ಬಿಟ್ಟ ಠಾಣೆಗಳಲ್ಲಿ ಪಾಕಿಸ್ತಾನದವರು ಬಂದು ಕೂತಿದ್ದರು. ಆಮೇಲೆ ಎರಡನೆಯದನ್ನು ಬಳಸಲೂ ಭಾರತ ತನಗೇ ಗೆರೆ ಹಾಕಿಕೊಂಡಿತು. ವಾಯುಪಡೆ ಗಡಿ ನಿಯಂತ್ರಣ ರೇಖೆ ದಾಟಬಾರದೆಂದು ಆಜ್ಞೆಯಾಯಿತು. ವಿಮಾನಗಳು ಇಕ್ಕಟ್ಟಾದ ಕಣಿವೆಯಲ್ಲಿ ಒಂದೇ ದಿಕ್ಕಿನಿಂದ ದಾಳಿ ಮಾಡಬೇಕಾಯಿತು. ಮೊದಲ ಮೂರೇ ದಿನದಲ್ಲಿ ಎರಡು ಫೈಟರ್, ಒಂದು ಹೆಲಿಕಾಪ್ಟರ್ ಹೋದವು. 527 ಯೋಧರ ಜೀವ ಹೋದ ಆ ಯುದ್ಧ ಗುಡ್ಡದ ಸಾಲು ಬಿಟ್ಟು ಆಚೀಚೆ ಹರಡಲಿಲ್ಲ. ಅದನ್ನು ಹಾಗೆ ಹಿಡಿದಿಟ್ಟದ್ದು ಮೇಲೆ ಹೇಳಿದ ಅಣುಬಾಂಬಿನ ಬೇಲಿ.

ಪ್ರಶ್ನೆ: 2001ರಾಗ ಪಾರ್ಲಿಮೆಂಟ್ ದಾಳಿ ಆದ ಮ್ಯಾಲೆ ‘ಪರಾಕ್ರಮ’ಕ್ಕಂತ ನಮ್ಮ ಯೂನಿಟ್ ರಾಜಸ್ಥಾನದ ಗಡಿಗೆ ಹೋತು. ಹತ್ತು ತಿಂಗಳ ಉಸುಕಿನಾಗ ಕುಂತು ಹೊಳ್ಳಿ ಬಂದ್ವಿ. ಹೊಡೀಲಿಲ್ಲ ಯಾಕ? ಹೆದರಿದ್ವೇನ್ರಿ?
– ನಿವೃತ್ತ ಹವಾಲ್ದಾರರು, ಅಥಣಿ

ಉತ್ತರ: ಹೆದರಿಕೆಗಿಂತ ಮೊದಲು ತಡವಾಯಿತು, ಹವಾಲ್ದಾರರೇ.

ಗಡಿ ದಾಟಿ ಹೊಡೆಯಲೆಂದೇ ಇಟ್ಟ ಭಾರತದ ಮೂರು ದಾಳಿ ಕೋರ್‌ಗಳು ಆಗ ಮಥುರಾ, ಅಂಬಾಲಾ, ಭೋಪಾಲದಲ್ಲಿದ್ದವು. ಭೋಪಾಲದಿಂದ ಜೈಸಲ್ಮೇರ್ ಕಡೆಗೆ ಸಾವಿರ ಕಿಲೋಮೀಟರ್ ಆಸುಪಾಸು. ಟ್ಯಾಂಕನ್ನು ಅಷ್ಟು ದೂರ ಓಡಿಸಿಕೊಂಡು ಹೋದರೆ ಚೈನು ಸವೆದು ಎಂಜಿನ್ ಕೈಕೊಡುತ್ತದೆ, ಕಿಲೋಮೀಟರಿಗೆ ಎರಡು ಮೂರು ಲೀಟರ್ ಡೀಸೆಲ್ ಬೇರೆ. ಆದ್ದರಿಂದ ರೈಲೇ ಗತಿ. 41 ಟನ್ ತೂಗುವ ಟಿ-72 ಒಂದು ಫ್ಲ್ಯಾಟ್ ವ್ಯಾಗನ್ನಿಗೆ ಒಂದೇ. ಒಂದು ರೆಜಿಮೆಂಟಿಗೆ 45 ಟ್ಯಾಂಕು. ಮೇಲೆ ಗುಂಡಿನ ಲಾರಿ, ಡೀಸೆಲ್ ಟ್ಯಾಂಕರ್, ಕೆಟ್ಟ ಟ್ಯಾಂಕ್ ಎಳೆಯುವ ರಿಕವರಿ ಗಾಡಿ, ವರ್ಕ್‌ಶಾಪ್, ಅಡುಗೆಮನೆ. ಟಿ-72ರ ಅಗಲ ಸುಮಾರು 3.6 ಮೀಟರ್. ನಮ್ಮ ಹಳಿಯ ಮೇಲೆ ಸಲೀಸಾಗಿ ಹೋಗಬಹುದಾದ ಅಗಲ 3.25 ಮೀಟರ್. ಎರಡೂ ಬದಿ ಹೊರಚಾಚಿದ ಸರಕು ಹೊತ್ತ ಗಾಡಿಯನ್ನು ನಿಧಾನ ಬಿಡಬೇಕು, ಎದುರಿನ ಗಾಡಿಗಳನ್ನು ನಿಲ್ಲಿಸಿಕೊಳ್ಳಬೇಕು. ಇಳಿಸಲು ಗಟ್ಟಿ ರ‍್ಯಾಂಪ್ ಇರುವ ನಿಲ್ದಾಣವೇ ಬೇಕು. ಅಂಥವು ಮರುಭೂಮಿಯಲ್ಲಿ ಎಷ್ಟಿದ್ದಾವು! ಇಂಥ ರೆಜಿಮೆಂಟುಗಳು ಹಲವು ಸೇರಿ ಒಂದು ಆರ್ಮರ್ಡ್ ಡಿವಿಷನ್. ಜೊತೆಗೆ ಕಾಲಾಳು ಮತ್ತು ತೋಪಿನ ಪಡೆ ಕೂಡಿದರೆ ಒಂದು ದಾಳಿ ಕೋರ್. ಎಲ್ಲ ಜಾಗಕ್ಕೆ ಬಂದು ಕೂಡಲು ಸುಮಾರು ಮೂರು ವಾರ ಹಿಡಿಯಿತು.

ಆಚೆಯವರ ಕಂಟೋನ್ಮೆಂಟುಗಳೋ ಸಿಯಾಲ್‌ಕೋಟ್, ಲಾಹೋರ್, ಬಹಾವಲ್ಪುರದಂಥ ಗಡಿ ಹತ್ತಿರದ ಊರುಗಳಲ್ಲಿ. ನಾವು ಹೊರಡುವಷ್ಟರಲ್ಲಿ ಅವರು ಬಂಕರಿನಲ್ಲಿ ಕೂತಾಗಿತ್ತು. ಅಷ್ಟರೊಳಗೆ ಮುಷರಫ್ 2002ರ ಜನವರಿ 12ರಂದು ಭಾಷಣ ಮಾಡಿ ಲಷ್ಕರ್, ಜೈಷ್ ಸಂಘಟನೆಗಳನ್ನು ನಿಷೇಧಿಸುತ್ತೇನೆಂದರು. ಅಮೆರಿಕ ನಡುವೆ ಬಂತು. ಸಿಟ್ಟು ಹಸಿಯಾಗಿದ್ದಾಗ ಸೈನ್ಯ ಸಜ್ಜಿರಲಿಲ್ಲ. ಸೈನ್ಯ ಸಜ್ಜಾದಾಗ ಹೊಡೆಯಲು ಜಗತ್ತಿಗೆ ಹೇಳುವ ಕಾರಣ ಉಳಿದಿರಲಿಲ್ಲ. ಮೇ 14ರಂದು ಜಮ್ಮುವಿನ ಕಾಲೂಚಕ್‌ನಲ್ಲಿ ಸೈನಿಕರ ವಸತಿಯ ಮೇಲೆ ಉಗ್ರರ ದಾಳಿಯಾದ ನಂತರ ಮತ್ತೊಮ್ಮೆ ಬಿಸಿ ಏರಿತು. ಆದರೆ ಅಷ್ಟು ಹೊತ್ತಿಗೆ ಎದುರು ಬದುರು ಕೂತಿದ್ದ ಎರಡು ಸೇನೆಗಳಲ್ಲಿ ಇನ್ನೊಬ್ಬರನ್ನು ಚಕಿತಗೊಳಿಸುವುದು ಯಾರಿಗೂ ಸಾಧ್ಯವಿರಲಿಲ್ಲ. ಅಕ್ಟೋಬರಿನಲ್ಲಿ ಹಿಂತೆಗೆತ ಶುರುವಾಯಿತು. ನಷ್ಟ ಅನುಭವಿಸಿದವರು ನೆಲಬಾಂಬ್ ಹೂಳುವಾಗ, ತೆಗೆಯುವಾಗ ಕೈಕಾಲು ಕಳೆದುಕೊಂಡ ಸೈನಿಕರು ಮತ್ತು ಬಿತ್ತಲಾಗದೆ ಹೊಲ ಬಿಟ್ಟ ಪಂಜಾಬ್–ರಾಜಸ್ಥಾನದ ರೈತರು.

ಅದರಿಂದ ಹುಟ್ಟಿದ್ದೇ 2004ರ ‘ಕೋಲ್ಡ್ ಸ್ಟಾರ್ಟ್’. ದೂರದ ದೊಡ್ಡ ಕೋರ್‌ಗೆ ಕಾಯದೆ, ಗಡಿಯಲ್ಲೇ ಇರುವ ಪಡೆಗಳಿಂದ ಸಣ್ಣ ಸಣ್ಣ ಮಿಶ್ರ ತಂಡ ಕಟ್ಟುವುದು, ಟ್ಯಾಂಕು, ತೋಪು, ಎಂಜಿನಿಯರ್ ಎಲ್ಲ ಒಂದೇ ಕಮಾಂಡರನ ಕೈಕೆಳಗೆ ಇಡುವುದು, ಎರಡು ಮೂರು ದಿನದಲ್ಲಿ ಹೊರಟು ಆಳವಿಲ್ಲದ ಒಂದು ತುಂಡು ನೆಲ ಹಿಡಿದು ಮಾತುಕತೆಗೆ ಕೂರಿಸುವುದು ಅದರ ಲೆಕ್ಕ. ಅಂಥದೊಂದು ಇದೆ ಎಂದು ಸೇನಾ ಮುಖ್ಯಸ್ಥರೊಬ್ಬರು, ಬಿಪಿನ್ ರಾವತ್, ಬಾಯಿಬಿಟ್ಟು ಹೇಳಿದ್ದು 2017ರಲ್ಲಿ. ನಮ್ಮ ಅಭಿಪ್ರಾಯದಲ್ಲಿ ಅದರ ದೌರ್ಬಲ್ಯ ಒಂದೇ. ಆಳಕ್ಕೆ ಹೋಗದಿದ್ದರೆ ಎದುರಾಳಿಗೆ ನೋಯುವುದಿಲ್ಲ, ಆಳಕ್ಕೆ ಹೋದರೆ ಅವರು ಅಣುಬಾಂಬ್ ತೆಗೆಯುವ ಗೆರೆ ತಾಗುತ್ತದೆ. ಲಾಹೋರ್ ಗಡಿಯಿಂದ 25 ಕಿಲೋಮೀಟರ್ ಆಸುಪಾಸು ಅಷ್ಟೇ. ಲಾಹೋರ್–ಕರಾಚಿ ಹೆದ್ದಾರಿ, ರೈಲು ಎರಡೂ ರಹೀಂಯಾರ್ ಖಾನ್ ಬಳಿ ಗಡಿಗೆ ಹತ್ತಿರವೇ ಹಾಯುತ್ತವೆ. ಅಲ್ಲಿ ಗೆರೆ ಎಲ್ಲಿದೆ ಎಂದು ನಕಾಶೆಯ ಮೇಲೆ ಯಾರೂ ಬರೆದುಕೊಟ್ಟಿಲ್ಲ.

ಪ್ರಶ್ನೆ: ಟಿವಿಯಾಗ ಟ್ಯಾಂಕು ಗುಡ್ಡ ಏರ್ತಾವ, ಹಳ್ಳ ಇಳೀತಾವ. ಪಂಜಾಬಿನಾಗ ಕಾಲವಿ ದಾಟೂದೇ ದೊಡ್ಡ ಕೆಲಸ ಅಂತ ಓದಿದೆ. ನಿಜ ಏನು?
– ಕಬ್ಬಿನ ರೈತರು, ಮುಧೋಳ

ಉತ್ತರ: ನಿಮ್ಮ ಘಟಪ್ರಭಾ ಎಡದಂಡೆ ಕಾಲುವೆಯನ್ನೇ ಕಣ್ಣ ಮುಂದೆ ತಂದುಕೊಳ್ಳಿ. ಕಬ್ಬು ತುಂಬಿದ ಟ್ರ್ಯಾಕ್ಟರ್ ಸೇತುವೆ ಇಲ್ಲದೆ ದಾಟೀತೆ? ಟ್ಯಾಂಕೂ ದಾಟದು. ಪಂಜಾಬಿನ ಗಡಿಯ ಎರಡೂ ಕಡೆ ನೀರಾವರಿಯ ಕಾಲುವೆಗಳ ಜೊತೆಗೆ, ಯುದ್ಧಕ್ಕೆಂದೇ ತೋಡಿದ ಕಂದಕ ಮತ್ತು ಅದರ ಮಣ್ಣಿನ ಏರಿ ಉದ್ದಕ್ಕೂ ಇವೆ. ಏರಿಯೊಳಗೆ ಕಾಂಕ್ರೀಟ್ ಬಂಕರ್, ಮುಂದೆ ನೆಲಬಾಂಬ್. 1965ರ ಸೆಪ್ಟೆಂಬರಿನಲ್ಲಿ ಭಾರತದ ಪಡೆ ಲಾಹೋರ್ ದಿಕ್ಕಿನಲ್ಲಿ ಮುಂದೊತ್ತಿ ನಿಂತದ್ದು ಇಛೋಗಿಲ್ ಕಾಲುವೆಯ ಹತ್ತಿರ.

ದಾಟುವ ಕ್ರಮ ಹೀಗೆ. ಮೊದಲು ಎಂಜಿನಿಯರುಗಳು ಕತ್ತಲಲ್ಲಿ ಹೋಗಿ ಅಗಲ, ಆಳ, ದಂಡೆಯ ಇಳಿಜಾರು, ತಳದ ಕೆಸರು ನೋಡಿ ಬರುತ್ತಾರೆ. ಆಮೇಲೆ ತೋಪುಗಳು ಆಚೆ ದಂಡೆಯ ಬಂಕರುಗಳನ್ನು ಹೊಡೆದು ಹೊಗೆ ಎಬ್ಬಿಸುತ್ತವೆ. ಕಾಲಾಳುಗಳು ರಬ್ಬರ್ ದೋಣಿಯಲ್ಲಿ ದಾಟಿ ಆಚೆ ದಂಡೆಯಲ್ಲಿ ಕಾಲೂರುತ್ತಾರೆ. ಅವರು ಅಲ್ಲಿ ನಿಂತ ಮೇಲೆಯೇ ಡೋಜರ್ ಏರಿ ಕಡಿದು ದಾರಿ ಮಾಡಬೇಕು, ಸೇತುವೆ ಬರಬೇಕು. ನಮ್ಮಲ್ಲಿ ಬಳಸುವ ‘ಸರ್ವತ್ರ’ ಸೇತುವೆ ಲಾರಿಯ ಮೇಲೆ ಮಡಚಿಕೊಂಡು ಬರುತ್ತದೆ. ಒಂದೊಂದು 15 ಮೀಟರ್, ಐದು ಜೋಡಿಸಿದರೆ 75 ಮೀಟರ್. ಟ್ಯಾಂಕುಗಳು ಒಂದೊಂದಾಗಿ, ನಡುವೆ ಅಂತರ ಬಿಟ್ಟು, ಆಮೆ ಹೆಜ್ಜೆಯಲ್ಲಿ ದಾಟಬೇಕು.

ಕೆಡುವುದು ಎಲ್ಲಿ? ದಂಡೆಯ ಹಸಿ ಮಣ್ಣು ಕುಸಿದು ಸೇತುವೆಯ ತುದಿ ಹೂತುಹೋಗುತ್ತದೆ. ಎದುರಾಳಿ ಮೇಲಿನ ಗೇಟ್ ಎತ್ತಿ ನೀರು ಬಿಟ್ಟರೆ ಅಳತೆಯೆಲ್ಲ ತಪ್ಪುತ್ತದೆ. ಟಿ-90 ಟ್ಯಾಂಕಿಗೆ ಗಾಳಿಕೊಳವೆ ಕಟ್ಟಿ ಐದು ಮೀಟರ್ ಆಳದವರೆಗೆ ನೀರಿನ ತಳದಲ್ಲೇ ಓಡಿಸಬಹುದು. ಹೇಳುವುದಕ್ಕೆ ಚಂದ. 46 ಟನ್ ಭಾರ ತಳದ ಕೆಸರಲ್ಲಿ ಸಿಕ್ಕರೆ ಅಥವಾ ಆಚೆ ದಂಡೆ ಕಡಿದಾಗಿದ್ದರೆ ಅಲ್ಲಿಗೇ ಮುಗಿಯಿತು. ಎಲ್ಲಕ್ಕಿಂತ ಕೆಟ್ಟದ್ದು ಈಚೆ ದಂಡೆಯಲ್ಲಿ ಸರದಿ ನಿಂತ ಗಾಡಿಗಳು. ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿ ನಿಂತಂತೆ ನಿಂತರೆ, ಈಗಿನ ಡ್ರೋನ್ ಕಾಲದಲ್ಲಿ ಅವನ್ನು ಹುಡುಕುವ ಕೆಲಸವೇ ಇಲ್ಲ. ಭತ್ತದ ಗದ್ದೆಗೆ ನೀರು ಕಟ್ಟಿದ ತಿಂಗಳುಗಳಲ್ಲಂತೂ ಟ್ಯಾಂಕು ರಸ್ತೆ ಬಿಟ್ಟು ಇಳಿಯಲಾರದು. ‘ಬರಲಾರೆ’ ಎಂಬ ಹದ್ದುಬಸ್ತಿನಲ್ಲಿ ಇಂಥ ಮಣ್ಣಿನ ಏರಿಯದೂ ದೊಡ್ಡ ಪಾಲು.

ಪ್ರಶ್ನೆ: ಪಾಕಿಸ್ತಾನದ ‘ನಸ್ರ್’ ಎಂಬ ಸಣ್ಣ ಅಣುಕ್ಷಿಪಣಿ ಇರುವಾಗ ಕೋಲ್ಡ್ ಸ್ಟಾರ್ಟ್‌ಗೆ ಅರ್ಥವಿದೆಯೇ?
– ರಾಜ್ಯಶಾಸ್ತ್ರ ಉಪನ್ಯಾಸಕಿ, ಇಂಡಿ

ಉತ್ತರ: ನಸ್ರ್ ಹುಟ್ಟಿದ್ದೇ ಕೋಲ್ಡ್ ಸ್ಟಾರ್ಟ್‌ಗೆ ಉತ್ತರವಾಗಿ. 2011ರ ಏಪ್ರಿಲ್‌ನಲ್ಲಿ ಮೊದಲ ಪರೀಕ್ಷೆ, ಆಗ ಹೇಳಿದ ದೂರ 60 ಕಿಲೋಮೀಟರ್. ಕಡಿಮೆ ದೂರದ ಕ್ಷಿಪಣಿ ಎಂದರೆ ಅದನ್ನು ಹಾರಿಸಬೇಕಾದ ಜಾಗ ಗಡಿಗೆ ಹತ್ತಿರ, ಬೀಳುವ ಜಾಗ ಬಹುಪಾಲು ತಮ್ಮದೇ ನೆಲ.

ರಣರಂಗದಲ್ಲಿ ಅದರ ಉಪಯೋಗ ಕಡಿಮೆ ಎಂದೇ ನಮ್ಮ ಎಣಿಕೆ. ಟ್ಯಾಂಕುಗಳು ಒಂದರಿಂದೊಂದು ದೂರ ಬಿಟ್ಟು ಚದುರಿ ನಡೆಯುತ್ತವೆ. ಒಳಗೆ ಗಾಳಿಶೋಧಕ ಇರುತ್ತದೆ. ಸಣ್ಣ ಅಣುಬಾಂಬ್ ಟ್ಯಾಂಕನ್ನು ಕೆಡಿಸುವುದು ಕೆಲವು ನೂರು ಮೀಟರ್ ಒಳಗೆ. ಒಂದು ಡಿವಿಷನ್ ನಿಲ್ಲಿಸಲು ಒಂದೆರಡು ಸಾಲದು. ಜೊತೆಗೆ ಗಡಿಬಿಡಿಯ ರಣರಂಗದಲ್ಲಿ ಅದನ್ನು ಹಾರಿಸುವ ಅಧಿಕಾರ ಇಸ್ಲಾಮಾಬಾದಿನಲ್ಲೇ ಉಳಿಯಬೇಕೆ, ಮುಂಚೂಣಿಯ ಅಧಿಕಾರಿಗೆ ಹೋಗಬೇಕೆ? ಮೊದಲನೆಯದಾದರೆ ಸಂಪರ್ಕ ಕಡಿದಾಗ ಅದು ಬರೀ ಕಬ್ಬಿಣ. ಎರಡನೆಯದಾದರೆ ಒಬ್ಬ ಮೇಜರನ ಗಾಬರಿಯೇ ಯುದ್ಧ.

ಆದರೂ ಅದು ಕೆಲಸ ಮಾಡುತ್ತದೆ, ದಿಲ್ಲಿಯ ತಲೆಯೊಳಗೆ. 2003ರ ಜನವರಿ 4ರ ನಮ್ಮ ಅಣುನೀತಿ ಎರಡು ಮಾತು ಹೇಳುತ್ತದೆ. ಮೊದಲು ನಾವು ಬಳಸುವುದಿಲ್ಲ. ನಮ್ಮ ನೆಲದ ಮೇಲಾಗಲಿ, ಎಲ್ಲೇ ಇರುವ ನಮ್ಮ ಪಡೆಯ ಮೇಲಾಗಲಿ ಬಳಸಿದರೆ ಪ್ರತ್ಯುತ್ತರ ಭಾರೀ ಪ್ರಮಾಣದ್ದು. ತಮ್ಮದೇ ಮರುಭೂಮಿಯಲ್ಲಿ ನಮ್ಮ ಇಪ್ಪತ್ತು ಟ್ಯಾಂಕಿನ ಮೇಲೆ ಒಂದು ಸಣ್ಣ ಬಾಂಬ್ ಹಾಕಿದರೆ ನಾವು ಅವರ ನಗರಗಳನ್ನು ಸುಡುತ್ತೇವೆಯೇ? ಈ ಪ್ರಶ್ನೆಗೆ ದಿಲ್ಲಿ ಕ್ಷಣ ತಡವರಿಸಿದರೂ ನಸ್ರ್ ತನ್ನ ಸಂಬಳ ದುಡಿದಂತೆ. 2016, 2019, 2025ರಲ್ಲಿ ಭಾರತ ಟ್ಯಾಂಕ್ ಬಿಟ್ಟು ಕಮಾಂಡೊ, ವಿಮಾನ, ಕ್ಷಿಪಣಿ ಆರಿಸಿಕೊಂಡದ್ದು ಇದನ್ನೆಲ್ಲ ಬಲ್ಲುದರಿಂದಲೇ. ನೆಲ ಹಿಡಿಯದೆ ದಂಡ ಹಾಕುವುದು ಈಗಿನ ದಾರಿ.

ಪ್ರಶ್ನೆ: ಆಪರೇಷನ್ ಸಿಂಧೂರದ ಬೆಳಿಗ್ಗೆ ನಮ್ಮ ಊರ ಸೊಸೆ ಕರ್ನಲ್ ಸೋಫಿಯಾ ಖುರೇಷಿ ಅವರು ಬ್ರೀಫಿಂಗ್ ಕೊಟ್ಟಿದ್ದು ಇಡೀ ಊರು ಕೂತು ನೋಡಿತು. ಸೇನಾ ನೆಲೆ ಮುಟ್ಟಿಲ್ಲ ಅಂತ ಅಲ್ಲಿ ಒತ್ತಿ ಹೇಳಿದರು. ಅದನ್ನ ವೈರಿಗೆ ಯಾಕ ಹೇಳಬೇಕ್ರಿ?
– ಅಂಗನವಾಡಿ ಕಾರ್ಯಕರ್ತೆ, ಕೊಣ್ಣೂರು, ಗೋಕಾಕ ತಾಲ್ಲೂಕು

ಉತ್ತರ: ಹೊಡೆತದಷ್ಟೇ ಆ ಮಾತೂ ಆಯುಧ, ಅಕ್ಕಾ. ಬಾರಿಸಿದವನು ‘ಇಷ್ಟೇ, ಮುಂದೆ ನೀನು ನಿಲ್ಲಿಸಿದರೆ ನಾನೂ ನಿಲ್ಲಿಸುತ್ತೇನೆ’ ಎಂದು ಹೇಳದಿದ್ದರೆ, ಹೊಡೆಸಿಕೊಂಡವನು ಇದು ದೊಡ್ಡ ಯುದ್ಧದ ಮೊದಲ ಏಟು ಎಂದೇ ತಿಳಿಯುತ್ತಾನೆ. 2025ರ ಮೇ 7ರ ನಸುಕಿನಲ್ಲಿ ಒಂಬತ್ತು ಉಗ್ರ ನೆಲೆಗಳಿಗೆ ಮಾತ್ರ ಹೊಡೆದು ಹಾಗೆ ಹೇಳಿದ್ದು ಅದಕ್ಕೆ.

ಅದಕ್ಕೆ ಬೆಲೆಯೂ ಇತ್ತು. ಸೇನಾ ನೆಲೆ ಮುಟ್ಟದಿದ್ದರೆ ಎದುರಾಳಿಯ ರೇಡಾರ್, ವಿಮಾನವಿರೋಧಿ ಕ್ಷಿಪಣಿ ಎಲ್ಲ ಹಾಗೇ ಎಚ್ಚರವಿರುತ್ತವೆ. ಆ ಮೊದಲ ಹಂತದಲ್ಲಿ ನಮ್ಮ ವಿಮಾನಗಳು ನಷ್ಟವಾದದ್ದನ್ನು ರಕ್ಷಣಾ ಪಡೆಗಳ ಮುಖ್ಯಸ್ಥ ಅನಿಲ್ ಚೌಹಾಣ್ ಮೇ 31ರಂದು ಸಿಂಗಪುರದಲ್ಲಿ ಒಪ್ಪಿಕೊಂಡರು, ಎಷ್ಟು ಎಂದು ಹೇಳಲಿಲ್ಲ. ಮೇ 10ರ ಹೊತ್ತಿಗೆ ಆ ಗೆರೆ ಅಳಿಸಿ, ನೂರ್ ಖಾನ್, ರಫೀಕಿ, ಸುಕ್ಕೂರ್, ರಹೀಂಯಾರ್ ಖಾನ್ ಮುಂತಾದ ವಾಯುನೆಲೆಗಳಿಗೇ ದೂರದಿಂದ ಕ್ಷಿಪಣಿ ಹೋದವು. ಅದೇ ದಿನ ಮಧ್ಯಾಹ್ನ 3.35ಕ್ಕೆ ಪಾಕಿಸ್ತಾನದ ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರ (ಡಿಜಿಎಂಒ) ಫೋನ್ ಬಂತು, ಸಂಜೆ 5ಕ್ಕೆ ಗುಂಡು ನಿಂತಿತು. ಒಟ್ಟು 88 ಗಂಟೆ.

ಪ್ರಶ್ನೆ: ಹಾರಿ ಬರುವ ಕ್ಷಿಪಣಿಯಲ್ಲಿ ಮಾಮೂಲಿ ಮದ್ದಿದೆಯೋ ಅಣುಬಾಂಬ್ ಇದೆಯೋ ಎಂದು ಎದುರಿನವರಿಗೆ ಹೇಗೆ ತಿಳಿಯುತ್ತದೆ?
– ಬ್ಯಾಂಕ್ ಉದ್ಯೋಗಿ, ಟಿಳಕವಾಡಿ, ಬೆಳಗಾವಿ

ಉತ್ತರ: ತಿಳಿಯುವುದಿಲ್ಲ. ರೇಡಾರ್ ವೇಗ, ಎತ್ತರ, ದಿಕ್ಕು ಹೇಳುತ್ತದೆ, ಹೊಟ್ಟೆಯೊಳಗಿನದನ್ನು ಹೇಳುವುದಿಲ್ಲ. ಬ್ರಹ್ಮೋಸ್ ಶಬ್ದದ ಸುಮಾರು 2.8 ಪಟ್ಟು ವೇಗದ್ದು, 290 ಕಿಲೋಮೀಟರ್ ದಾರಿ ಐದಾರು ನಿಮಿಷ. ಅಷ್ಟರಲ್ಲಿ ನಿರ್ಧರಿಸಬೇಕಾದವನು ನಂಬುವುದು ಹಳೆಯ ಅಭ್ಯಾಸವನ್ನು: ಭಾರತ ಬ್ರಹ್ಮೋಸನ್ನು ಸಾಂಪ್ರದಾಯಿಕ ಆಯುಧವಾಗಿಯೇ ಇಟ್ಟಿದೆ. ಆದ್ದರಿಂದಲೇ ಆ ಅಭ್ಯಾಸ ಕೆಡಿಸಬಾರದು, ಒಂದೇ ಬಗೆಯ ಕ್ಷಿಪಣಿಗೆ ಎರಡೂ ಕೆಲಸ ಹಚ್ಚಬಾರದು.

ಅಪಘಾತದ ಉದಾಹರಣೆಯೂ ಉಂಟು. 2022ರ ಮಾರ್ಚ್ 9ರಂದು ನಮ್ಮ ಒಂದು ಬ್ರಹ್ಮೋಸ್ ತಪ್ಪಿ ಹಾರಿ ಪಾಕಿಸ್ತಾನದ ಮಿಯಾಂ ಚನ್ನು ಬಳಿ ಬಿತ್ತು. ಸಿಡಿತಲೆ ಇರಲಿಲ್ಲ, ಯಾರೂ ಸಾಯಲಿಲ್ಲ. ಭಾರತ ಬಹಿರಂಗವಾಗಿ ಒಪ್ಪಿಕೊಂಡದ್ದು ಎರಡು ದಿನದ ಮೇಲೆ. ಆಗಸ್ಟಿನಲ್ಲಿ ಮೂವರು ವಾಯುಪಡೆ ಅಧಿಕಾರಿಗಳನ್ನು ವಜಾ ಮಾಡಿದರು. ಗಡಿ ತಣ್ಣಗಿದ್ದ ದಿನವಾದ್ದರಿಂದ ಅದು ಸುದ್ದಿಯಾಗಿ ಮುಗಿಯಿತು. 2025ರ ಮೇ 9ರ ರಾತ್ರಿ ಆಗಿದ್ದರೆ? ಇನ್ನೊಂದು ಅಪಾಯ ಜಾಗದ್ದು. ರಾವಲ್ಪಿಂಡಿಯ ನೂರ್ ಖಾನ್ ನೆಲೆಯ ಹತ್ತಿರದಲ್ಲೇ ಪಾಕಿಸ್ತಾನದ ಅಣ್ವಸ್ತ್ರ ನೋಡಿಕೊಳ್ಳುವ ವಿಭಾಗದ ಮುಖ್ಯ ಕಚೇರಿ ಇದೆ. ನಾವು ವಿಮಾನನಿಲ್ದಾಣ ಎಂದು ಹೊಡೆದದ್ದನ್ನು ಅವರು ತಲೆಗೇ ಏಟು ಎಂದು ಓದಬಹುದು.

2005ರ ಅಕ್ಟೋಬರಿನ ಭಾರತ–ಪಾಕಿಸ್ತಾನ ಒಪ್ಪಂದದಂತೆ ಬ್ಯಾಲಿಸ್ಟಿಕ್ ಕ್ಷಿಪಣಿ ಪರೀಕ್ಷೆಗೆ ಕನಿಷ್ಠ ಮೂರು ದಿನ ಮೊದಲು ತಿಳಿಸಬೇಕು. ಹಾರಿಸುವ ಜಾಗ ಗಡಿಯಿಂದ 40, ಬೀಳುವ ಜಾಗ 75 ಕಿಲೋಮೀಟರ್ ದೂರ ಇರಬೇಕು. ಬ್ರಹ್ಮೋಸ್, ಪಾಕಿಸ್ತಾನದ ಬಾಬರ್‌ನಂಥ ಕ್ರೂಸ್ ಕ್ಷಿಪಣಿ ಅದರಲ್ಲಿ ಸೇರಿಲ್ಲ. ಇಪ್ಪತ್ತು ವರ್ಷವಾದರೂ ಸೇರಿಸಿಲ್ಲ ಎನ್ನುವುದು ಎರಡೂ ಸರ್ಕಾರಗಳ ಸೋಮಾರಿತನ.

ಪ್ರಶ್ನೆ: ಮಲಿಕ್-ಎ-ಮೈದಾನ್ ತೋಪು 55 ಟನ್ ಅಂತಾರೆ. ಅಂಥದು ಊರ ಬುರುಜಿನ ಮೇಲಿದ್ದರೆ ಸಾಕಿತ್ತು. ಈಗ ಬೊಫೋರ್ಸ್ ಇದ್ದರೂ ಸಾಲದು ಅಂತಾರಲ್ಲ?
– ಆಟೊ ಚಾಲಕರು, ವಿಜಯಪುರ

ಉತ್ತರ: ತೋಪಿಗಿಂತ ಗುಂಡಿನ ಲೆಕ್ಕ ನೋಡಿ. ಬೊಫೋರ್ಸ್ ಹಾರಿಸುವ 155 ಮಿಲಿಮೀಟರ್ ಶೆಲ್ ಒಂದು ಸುಮಾರು 45 ಕಿಲೋ. ರೆಜಿಮೆಂಟಿಗೆ 18 ತೋಪು. ತೋಪಿಗೆ ದಿನಕ್ಕೆ ನೂರು ಹಾರಿಸಿದರೆ 1,800 ಶೆಲ್, ಅಂದರೆ 81 ಟನ್. ಮದ್ದಿನ ಚೀಲ, ಪೆಟ್ಟಿಗೆ ಬೇರೆ. ಹತ್ತು ಟನ್ ಲಾರಿ ದಿನಾ ಹತ್ತಕ್ಕೂ ಹೆಚ್ಚು ಬೇಕು, ಅದೂ ಒಂದೇ ರೆಜಿಮೆಂಟಿಗೆ. ಕಾರ್ಗಿಲ್‌ನಲ್ಲಿ ನಮ್ಮ ತೋಪಿನ ಪಡೆ ಹಾರಿಸಿದ್ದು ಎರಡೂವರೆ ಲಕ್ಷಕ್ಕೂ ಹೆಚ್ಚು ಶೆಲ್, ರಾಕೆಟ್. ಸೇನೆ 40 ದಿನದ ಯುದ್ಧಕ್ಕೆ ದಾಸ್ತಾನು ಇಡಬೇಕೆಂಬುದು ಲೆಕ್ಕ. 2017ರ ಮಹಾಲೇಖಪಾಲರ (ಸಿಎಜಿ) ವರದಿಯ ಪ್ರಕಾರ ಪರೀಕ್ಷಿಸಿದ 152 ಬಗೆಯ ಮದ್ದುಗುಂಡಿನಲ್ಲಿ 61 ಬಗೆಯವು ಹತ್ತು ದಿನಕ್ಕೂ ಸಾಲುತ್ತಿರಲಿಲ್ಲ. ಡ್ರೋನ್‌ಗೂ ಇದೇ ಲೆಕ್ಕ. 25 ಕಿಲೋಮೀಟರ್ ಹೋಗುವ ಆಕಾಶ್ ಕ್ಷಿಪಣಿಯನ್ನು ಅಗ್ಗದ ಡ್ರೋನ್‌ಗೆ ಹಾಳು ಮಾಡುವ ಬದಲು 2025ರಲ್ಲಿ ಹಳೆಯ 40 ಮಿಲಿಮೀಟರ್ ಎಲ್-70 ಗನ್ನುಗಳನ್ನು ಹಚ್ಚಿದರು, ಅವೇ ಒದಗಿದವು.

ಪ್ರಶ್ನೆ: ಚೀನಾ ಜೊತೆ ಗಲ್ವಾನಿನಲ್ಲಿ ಬಡಿಗೆಯಲ್ಲಿ ಬಡಿದಾಡಿದ್ದು ಯಾಕೆ? ಬಂದೂಕು ಇರಲಿಲ್ಲವೇ?
– ಇಳಕಲ್ಲಿನ ಓದುಗರು

ಉತ್ತರ: ಇತ್ತು. 1996ರ ಒಪ್ಪಂದದಂತೆ ವಾಸ್ತವ ನಿಯಂತ್ರಣ ರೇಖೆಯಿಂದ ಎರಡು ಕಿಲೋಮೀಟರ್ ಒಳಗೆ ಗುಂಡು ಹಾರಿಸುವಂತಿಲ್ಲ. 2020ರ ಜೂನ್ 15ರ ರಾತ್ರಿ ನಮ್ಮ 20 ಮಂದಿ ಜೀವ ಕಳೆದುಕೊಂಡರು. ತಮ್ಮವರು ನಾಲ್ವರು ಸತ್ತರೆಂದು ಚೀನಾ ಒಪ್ಪಿತು. ಅಣ್ವಸ್ತ್ರವನ್ನು ಮೊದಲು ಬಳಸುವುದಿಲ್ಲ ಎಂದು ಎರಡೂ ದೇಶ ಹೇಳುವುದರಿಂದ ಅಲ್ಲಿ ಹದ್ದುಬಸ್ತು ಪೂರಾ ಸಾಂಪ್ರದಾಯಿಕ ಸೇನೆಯದೇ. ಅದು ನಿಂತಿರುವುದು ರಸ್ತೆ, ಸುರಂಗ, ಚಳಿಗಾಲಕ್ಕೆ ಮೊದಲು ಮೇಲೆ ಸಾಗಿಸಿಟ್ಟ ಸೀಮೆಎಣ್ಣೆ, ಪಡಿತರ, ಬೂಟುಗಳ ಮೇಲೆ.

ಪ್ರಶ್ನೆ: ಯುದ್ಧ ಆದರ ಆಲಮಟ್ಟಿ ಡ್ಯಾಮಿಗೆ ಹೊಡೀಬಾರದು ಅಂತ ಏನರ ಕರಾರು ಐತೇನ್ರಿ?
– ನಿಡಗುಂದಿಯ ಓದುಗರು

ಉತ್ತರ: ಡ್ಯಾಮಿಗೆ ಇಲ್ಲ, ಅಣುಸ್ಥಾವರಕ್ಕೆ ಇದೆ. 1988ರ ಡಿಸೆಂಬರ್ 31ರಂದು ಸಹಿಯಾದ ಒಪ್ಪಂದದಂತೆ ಭಾರತ, ಪಾಕಿಸ್ತಾನ ಒಬ್ಬರ ಅಣುಸ್ಥಾವರಗಳ ಮೇಲೆ ಇನ್ನೊಬ್ಬರು ದಾಳಿ ಮಾಡುವಂತಿಲ್ಲ. ನಮ್ಮ ಕಡೆಯ ಕೈಗಾದಂಥ ವಿದ್ಯುತ್ ಸ್ಥಾವರಗಳು ಅದರ ವ್ಯಾಪ್ತಿಯವು. ಯಾವ ಸ್ಥಾವರ ಎಲ್ಲಿದೆ ಎಂಬ ಪಟ್ಟಿಯನ್ನು 1992ರಿಂದ ಪ್ರತಿ ಜನವರಿ 1ರಂದು ಬದಲಾಯಿಸಿಕೊಳ್ಳುತ್ತಾರೆ. ಪರಾಕ್ರಮದ ಸೈನ್ಯ ಗಡಿಯಲ್ಲಿ ಕೂತಿದ್ದ 2002ರ ಜನವರಿ 1ರಂದೂ ಪಟ್ಟಿ ಹೋಯಿತು, ಬಂತು.